ಉದ್ಯೋಗ ಮೇಳ ನಡೆಸುವ ತಂತ್ರಾಂಶ: ಮೂರು ವರ್ಷ, ಆರು ಮೇಳಗಳ ನಂತರದ ಅಭಿಪ್ರಾಯ

ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗಕ್ಕೆಂದು ಕೊಂಡ ಈ ತಂತ್ರಾಂಶದಲ್ಲಿ ಮೂರು ವರ್ಷದಲ್ಲಿ ಆರು ಮೇಳಗಳು ನಡೆದಿವೆ. ಮೂರು ಸಭಾಂಗಣದಲ್ಲಿ, ಮೂರು ಆನ್‌ಲೈನ್‌ನಲ್ಲಿ. ಕಂಪನಿಗಳ ನೋಂದಣಿ, ವಿದ್ಯಾರ್ಥಿಗಳ ನೋಂದಣಿ, ಸ್ಟಾಲ್ ನಕ್ಷೆ, ಕ್ಯೂಆರ್ ಹಾಜರಾತಿ, ವಿಡಿಯೊ ಭೇಟಿ, ಕೊನೆಗೆ ವರದಿ ಎಲ್ಲವೂ ಒಂದೇ ಕಡೆ ಸಿಗುತ್ತದೆ. ಈ ಬಗೆಯ ಸೇವೆಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಹಾಗಾಗಿ ಬೇರೆ ಕಂಪನಿಯದನ್ನು ಬಳಸುವವರಿಗೂ ಇಲ್ಲಿನ ಬಹುಪಾಲು ಮಾತು ಹೊಂದುತ್ತದೆ.

ಆನ್‌ಲೈನ್ ಮೇಳಕ್ಕೆ ಐದರಲ್ಲಿ ನಾಲ್ಕು ಅಂಕ, ಸಭಾಂಗಣದ ಮೇಳಕ್ಕೆ ಎರಡೂವರೆ. ಆದರೆ ಎರಡರಲ್ಲೂ ಡೀಫಾಲ್ಟ್ ಸೆಟ್ಟಿಂಗ್‌ಗಳನ್ನು ಇದ್ದಂತೆಯೇ ಬಿಟ್ಟರೆ ಮೇಳ ಕೆಡುತ್ತದೆ. ಅದರಲ್ಲೂ ಸ್ಲಾಟ್‌ಗಳ, ಅಂದರೆ ಒಂದೊಂದು ಭೇಟಿಗೆ ಕಾದಿರಿಸುವ ಸಮಯದ, ವಿಷಯದಲ್ಲಿ.

ಒಬ್ಬರೊಡನೆ ಒಬ್ಬರು ಮಾತಾಡುವ ಭೇಟಿಗೆ ತಂತ್ರಾಂಶ ತಾನಾಗಿ 10 ನಿಮಿಷ ಇಡುತ್ತದೆ, ಒಂದರ ಬೆನ್ನಿಗೆ ಇನ್ನೊಂದು. ಮೂರು ಗಂಟೆಯಲ್ಲಿ 18 ಭೇಟಿ ಎಂದು ಡ್ಯಾಶ್‌ಬೋರ್ಡ್ ತೋರಿಸಿದಾಗ ಖುಷಿಯಾಗುತ್ತದೆ. ನಡೆಯುವುದೇ ಬೇರೆ. ಮೊದಲ ಭೇಟಿ ಎರಡು ನಿಮಿಷ ಎಳೆದರೆ ಹಿಂದಿರುವ ಹದಿನೇಳು ಜನರೂ ಕಾಯಬೇಕು. ರಿಕ್ರೂಟರ್‌ಗೆ, ಅಂದರೆ ಕಂಪನಿಯ ಪರವಾಗಿ ಮಾತಾಡುವವರಿಗೆ, ಆಗಷ್ಟೇ ಎದ್ದುಹೋದ ಅಭ್ಯರ್ಥಿಯ ಬಗ್ಗೆ ಎರಡು ಸಾಲು ಬರೆದುಕೊಳ್ಳಲೂ ಬಿಡುವಿರುವುದಿಲ್ಲ, ಸಂಜೆ ಹೊತ್ತಿಗೆ ಯಾರು ಯಾರೆಂಬುದೇ ಕಲಸಿಹೋಗಿರುತ್ತದೆ. ಎರಡು ನಿಮಿಷ ಅಂತರ ಕೊಟ್ಟು 12 ನಿಮಿಷಕ್ಕೊಂದು ಭೇಟಿ ಇಡಿ. 15 ಭೇಟಿ ಬರುತ್ತದೆ, ಹದಿನೈದೂ ನಡೆಯುತ್ತವೆ.

ಬುಕಿಂಗ್ ತೆರೆಯುವ ಮುನ್ನ ಒಟ್ಟು ಸ್ಲಾಟ್ ಎಷ್ಟೆಂದು ಲೆಕ್ಕ ಹಾಕಲೇಬೇಕು. 30 ಕಂಪನಿ, ತಲಾ ಇಬ್ಬರು ರಿಕ್ರೂಟರ್, ಒಬ್ಬೊಬ್ಬರಿಗೆ 15 ಭೇಟಿ ಎಂದರೆ 900. ವಿದ್ಯಾರ್ಥಿಗಳು 600 ಇದ್ದರೆ ತಲೆಗೆ ಒಂದೂವರೆ ಬೀಳುತ್ತದೆ. ಮಿತಿ ಹಾಕದೆ ತೆರೆದರೆ ಚುರುಕಾದ 150 ಜನ ತಲಾ ಆರು ಹಿಡಿದು ಎಲ್ಲವನ್ನೂ ಮುಗಿಸಿಬಿಡುತ್ತಾರೆ, ಉಳಿದ 450 ಮಂದಿಗೆ ‘ಖಾಲಿ ಇಲ್ಲ’ ಎಂಬ ಪುಟ. ಸೆಟ್ಟಿಂಗ್‌ನಲ್ಲಿ ‘ಒಬ್ಬರಿಗೆ ಗರಿಷ್ಠ ಭೇಟಿ’ ಎಂಬುದೊಂದಿದೆ, ಮೊದಲು ಅದು ಖಾಲಿ ಇರುತ್ತದೆ. ಮೊದಲ ಮೂರು ದಿನ ಅಲ್ಲಿ 1 ಹಾಕಿ, ನಾಲ್ಕನೆಯ ದಿನ 3ಕ್ಕೆ ಏರಿಸಿ. ಬುಕಿಂಗ್ ತೆರೆಯುವ ಹೊತ್ತು ತರಗತಿಯ ಸಮಯವಾಗಿರಬಾರದು. ಲ್ಯಾಬಿನಲ್ಲಿರುವವರು ಹಿಂದೆ ಬೀಳುತ್ತಾರೆ.

ಇನ್ನೊಂದು ತೊಡಕು ಕಂಪನಿಗಳ ಕಡೆಯಿಂದ. ಮೂವರು ಬರುತ್ತೇವೆಂದು ಕಂಪನಿಯ ಎಚ್‌ಆರ್ (ಸಿಬ್ಬಂದಿ ವಿಭಾಗ) ಟಿಕ್ ಮಾಡಿದರೆ ಸಾಕು, ತಂತ್ರಾಂಶ ಮೂವರ ಹೆಸರಲ್ಲಿ ಸ್ಲಾಟ್ ಬಿಟ್ಟುಬಿಡುತ್ತದೆ. ಮೇಳದ ದಿನ ಒಬ್ಬರೇ ಬಂದರೆ ಮೂರರಲ್ಲಿ ಎರಡು ಪಾಲು ಭೇಟಿಗಳು ಬಿದ್ದುಹೋಗುತ್ತವೆ. ವಾರಗಟ್ಟಲೆ ತಯಾರಾಗಿ ಕ್ಯಾಮೆರಾ ಮುಂದೆ ಕೂತ ವಿದ್ಯಾರ್ಥಿಗೆ ಆ ಖಾಲಿ ಪರದೆಗಿಂತ ದೊಡ್ಡ ನಿರಾಸೆ ಬೇರೆ ಇರಲಿಕ್ಕಿಲ್ಲ. ಇದಕ್ಕೆ ನಾವು ಕಂಡುಕೊಂಡ ನಿಯಮ ಒಂದೇ: ತಮ್ಮ ಸ್ವಂತ ಹೆಸರಿನ ಖಾತೆಯಿಂದ ಒಮ್ಮೆಯಾದರೂ ಲಾಗಿನ್ ಆದ ರಿಕ್ರೂಟರ್‌ಗೆ ಮಾತ್ರ ಸ್ಲಾಟ್ ತೆರೆಯುವುದು. ಕಂಪನಿಯ ಸಾಮಾನ್ಯ ಇಮೇಲ್‌ನಿಂದ ಬಂದ ನೋಂದಣಿಯನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಅರ್ಧ ಗಂಟೆಯ ಗುಂಪು ಪರಿಚಯಗಳನ್ನು ಮೊದಲ ಒಂದು ಗಂಟೆಯೊಳಗೇ ಮುಗಿಸಿ, ಕೇಳಿದವರು ಆಮೇಲೆ ಪ್ರತ್ಯೇಕ ಭೇಟಿಗೆ ಹೋಗಲಿ. ಜ್ಞಾಪನೆಯ ಇಮೇಲ್ ತಾನಾಗಿ ಹೋಗುವುದು ಒಂದೇ ಸಲ, 24 ಗಂಟೆ ಮುಂಚೆ. ಅದು ಸಾಲದು. ಅದೇ ದಿನ ಬೆಳಿಗ್ಗೆ ಒಂದು, 15 ನಿಮಿಷ ಮುಂಚೆ ಇನ್ನೊಂದು ಎಸ್‌ಎಂಎಸ್ ಸೇರಿಸಿ. ವೇಟಿಂಗ್ ಲಿಸ್ಟ್‌ನಿಂದ ತಾನಾಗಿ ಮೇಲೇರಿಸುವ ಸೌಲಭ್ಯ ಒಳ್ಳೆಯದೇ, ಆದರೆ ಭೇಟಿಗೆ ಎರಡು ಗಂಟೆ ಇರುವಾಗ ಅದನ್ನು ನಿಲ್ಲಿಸಬೇಕು. ಐದು ನಿಮಿಷ ಮುಂಚೆ ಸಿಕ್ಕ ಜಾಗವನ್ನು ಯಾರೂ ನೋಡುವುದಿಲ್ಲ, ಕೊನೆಗೆ ಆ ವಿದ್ಯಾರ್ಥಿಯ ಹೆಸರಿನ ಮುಂದೆ ‘ಗೈರು’ ಎಂದು ಬೀಳುತ್ತದೆ. ಅದು ಅನ್ಯಾಯ.

ವಿದ್ಯಾರ್ಥಿಗಳ ಪಟ್ಟಿ ಹಾಕುವ ಕೆಲಸ ಸಣ್ಣದೆಂದು ಕಾಣುತ್ತದೆ, ಹೆಚ್ಚು ತಲೆನೋವು ಕೊಡುವುದೂ ಅದೇ. ನೋಂದಣಿ ಸಂಖ್ಯೆ 0042317 ಇದ್ದದ್ದು ಎಕ್ಸೆಲ್‌ನಲ್ಲಿ ತೆರೆದೊಡನೆ 42317 ಆಗುತ್ತದೆ, ಏಕೆಂದರೆ ಎಕ್ಸೆಲ್ ಅದನ್ನು ಅಂಕಿಯೆಂದು ಓದಿ ಮುಂದಿನ ಸೊನ್ನೆಗಳನ್ನು ಕಿತ್ತು ಹಾಕುತ್ತದೆ. 15 ಅಂಕಿಗಿಂತ ಉದ್ದದ ಸಂಖ್ಯೆಯಾದರೆ 16ನೆಯದರಿಂದ ಆಚೆಯದೆಲ್ಲ ಸೊನ್ನೆಯಾಗುತ್ತದೆ. ಇಂಥ ಕಡತವನ್ನು ಅಪ್‌ಲೋಡ್ ಮಾಡಿದರೂ ತಂತ್ರಾಂಶ ಹಸಿರು ಗುರುತು ತೋರಿಸಿ ‘ಯಶಸ್ವಿ’ ಎನ್ನುತ್ತದೆ. ತಪ್ಪು ಗೊತ್ತಾಗುವುದು ವಿದ್ಯಾರ್ಥಿ ಲಾಗಿನ್ ಆಗಲು ಹೋಗಿ ‘ಈ ಸಂಖ್ಯೆಯ ಖಾತೆ ಇಲ್ಲ’ ಎಂದು ಬಂದಾಗಲೇ. ಕನ್ನಡದಲ್ಲಿ ಬರೆದ ಹೆಸರುಗಳೂ ಸಾಮಾನ್ಯ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಟ್ಟ ಪಟ್ಟಿಯ ಕಡತ) ಆಗಿ ಉಳಿಸಿದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಕಡತವನ್ನು ನೇರವಾಗಿ ತೆರೆಯದೆ ಎಕ್ಸೆಲ್‌ನ ಡೇಟಾ ಟ್ಯಾಬ್‌ನಿಂದ ಒಳತನ್ನಿ, ಸಂಖ್ಯೆಯ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ಗುರುತಿಸಿ, ‘ಸಿಎಸ್‌ವಿ ಯುಟಿಎಫ್-8’ ಎಂಬ ಆಯ್ಕೆಯಲ್ಲೇ ಉಳಿಸಿ. ಮೊದಲು ಐದೇ ಸಾಲು ಹಾಕಿ, ಅದರಲ್ಲೊಂದು ಖಾತೆಯಿಂದ ಲಾಗಿನ್ ಆಗಿ ನೋಡಿ, ಆಮೇಲೆ ಉಳಿದದ್ದು.

ಕಂಪನಿಗಳ ನೋಂದಣಿ ಅರ್ಜಿಯಲ್ಲಿ ‘ಎಲ್ಲ ವಿಭಾಗಗಳು’ ಎಂಬ ಆಯ್ಕೆಯನ್ನು ತೆಗೆದುಹಾಕಿ. ಅದಿದ್ದರೆ ಎಲ್ಲರೂ ಅದನ್ನೇ ಒತ್ತುತ್ತಾರೆ, ವಿದ್ಯಾರ್ಥಿಗಳು ಬಳಸುವ ಫಿಲ್ಟರ್ ಇದ್ದೂ ಇಲ್ಲದಂತಾಗುತ್ತದೆ. ಹುದ್ದೆ, ಖಾಲಿ ಜಾಗಗಳ ಸಂಖ್ಯೆ, ಬೇಕಾದ ಪದವಿ, ತೇರ್ಗಡೆಯ ವರ್ಷ, ಇಂಟರ್ನ್‌ಶಿಪ್ಪೋ ಪೂರ್ಣಾವಧಿಯೋ ಎಂಬ ಐದನ್ನು ಕಡ್ಡಾಯ ಮಾಡಿ. ಆಹ್ವಾನ 10ರಿಂದ 12 ವಾರ ಮುಂಚೆ ಹೋಗಲಿ, ಮೂರು ವಾರ ಇರುವಾಗ ನೋಂದಣಿ ಮುಚ್ಚಲಿ.

ವಿಡಿಯೊ ಗುಣಮಟ್ಟದ ಬಗ್ಗೆ ಬಂದ ದೂರುಗಳಲ್ಲಿ ಹೆಚ್ಚಿನವು ತಂತ್ರಾಂಶದ ತಪ್ಪಲ್ಲ. ಬ್ರೌಸರ್‌ನೊಳಗೆ ನಡೆಯುವ ಇಂಥ ಕರೆಗಳು ವೆಬ್‌ಆರ್‌ಟಿಸಿ ಎಂಬ ವ್ಯವಸ್ಥೆ ಬಳಸುತ್ತವೆ, ದನಿ ಮತ್ತು ಚಿತ್ರ ಯುಡಿಪಿ ಮೂಲಕ, ಅಂದರೆ ಕಳೆದುಹೋದ ತುಣುಕಿಗೆ ಕಾಯದೆ ಮುಂದೆ ಸಾಗುವ ದಾರಿಯಲ್ಲಿ, ಹರಿಯಲು ನೋಡುತ್ತವೆ. ಎಷ್ಟೋ ಕಂಪನಿಗಳ ಫೈರ್‌ವಾಲ್ (ನೆಟ್‌ವರ್ಕಿನ ಕಾವಲು ವ್ಯವಸ್ಥೆ) ಯುಡಿಪಿಯನ್ನು ತಡೆದಿರುತ್ತದೆ. ಆಗ ಕರೆ ಟಿಸಿಪಿ ಎಂಬ ಇನ್ನೊಂದು ದಾರಿಗೆ, ಅದರ 443ನೇ ಪೋರ್ಟ್‌ಗೆ (ಸಂಪರ್ಕದ ಬಾಗಿಲಿಗೆ), ಹೊರಳುತ್ತದೆ. ಅಲ್ಲಿ ಕಳೆದುಹೋದ ಒಂದು ತುಣುಕು ಮತ್ತೆ ಬರುವವರೆಗೂ ಹಿಂದಿನದೆಲ್ಲ ಸಾಲುಗಟ್ಟಿ ನಿಲ್ಲುವುದರಿಂದ ಮುಖ ಹೆಪ್ಪುಗಟ್ಟಿದಂತಾಗಿ ಮಾತು ತುಂಡಾಗುತ್ತದೆ. ಆ ದಾರಿಯೂ ಇಲ್ಲದಿದ್ದರೆ ಕಪ್ಪು ಪರದೆ. ಆದ್ದರಿಂದ ವಾರ ಮುಂಚೆ ಪರೀಕ್ಷೆ ಮಾಡುವಾಗ ರಿಕ್ರೂಟರ್ ಮನೆಯಿಂದ ಮಾಡಿ ‘ಸರಿಯಿದೆ’ ಎಂದರೆ ಒಪ್ಪಬೇಡಿ. ಮೇಳದ ದಿನ ಎಲ್ಲಿ ಕೂರುತ್ತಾರೋ ಅದೇ ಕಚೇರಿ, ಅದೇ ಲ್ಯಾಪ್‌ಟಾಪ್, ಅದೇ ನೆಟ್‌ವರ್ಕ್ ಆಗಬೇಕು. ಅವರ ಐಟಿ ವಿಭಾಗಕ್ಕೆ 3478ನೇ ಯುಡಿಪಿ ಪೋರ್ಟ್ ತೆರೆದಿದೆಯೇ ಎಂದು ಕೇಳುವುದು ಒಳ್ಳೆಯದು, ಕರೆಯ ಎರಡು ತುದಿಗಳನ್ನು ಬೆಸೆಯುವ ಮಧ್ಯವರ್ತಿ ಸರ್ವರ್‌ಗಳು ಸಾಮಾನ್ಯವಾಗಿ ಕೆಲಸ ಮಾಡುವುದು ಅಲ್ಲಿ.

ವಿದ್ಯಾರ್ಥಿಗಳ ಕಡೆ ತೊಡಕು ಅಪ್‌ಲೋಡ್ ವೇಗದ್ದು. ಒಳ್ಳೆಯ ಚಿತ್ರಕ್ಕೆ ಒಂದು ಕರೆಗೆ ಸುಮಾರು 1.5 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಹಿಡಿದರೂ ಒಂದೇ ವೈ-ಫೈನಲ್ಲಿ 20 ಜನ ಕೂತರೆ 30 ಎಂಬಿಪಿಎಸ್ ಅಪ್‌ಲೋಡ್ ಬೇಕು. ಹಾಸ್ಟೆಲ್‌ನ ವೈ-ಫೈ ಅದನ್ನು ತಡೆದೀತೆಂದು ನಂಬಬೇಡಿ. ಕೇಬಲ್ ಸಂಪರ್ಕವಿರುವ ಲ್ಯಾಬ್ ಕಾದಿರಿಸಿ. ಬೇರೆ ದೇಶದಿಂದ ಸೇರುವ ರಿಕ್ರೂಟರ್‌ಗಳಿದ್ದರೆ ಸಮಯದ ಗೊಂದಲವೂ ಇದೆ: ಪುಟದಲ್ಲಿ ಅವರವರ ಸಮಯ ಸರಿಯಾಗಿ ಕಂಡರೂ ಇಮೇಲ್‌ನಲ್ಲಿ ಯಾವ ವಲಯದ್ದೆಂದು ಬರೆದಿರುವುದಿಲ್ಲ. ಇಮೇಲ್ ಮಾದರಿಯಲ್ಲಿ ಅದನ್ನು ಕೈಯಾರೆ ಸೇರಿಸಬೇಕು.

ಇನ್ನು ಸಭಾಂಗಣ. ನಕ್ಷೆಯಲ್ಲಿ ಸ್ಟಾಲ್‌ಗಳನ್ನು ಎಳೆದು ಇಡುವುದು ಸುಲಭ, ಆದರೆ ಅದಕ್ಕೆ ಅಳತೆಯ ಅರಿವಿಲ್ಲ. ಆರು ಅಡಿ ಉದ್ದ, ಎರಡೂವರೆ ಅಡಿ ಅಗಲದ ಮೇಜು, ಹಿಂದೆ ಎರಡು ಕುರ್ಚಿಗೆ ಮೂರು ಅಡಿ, ಎದುರುಬದುರು ಸಾಲುಗಳ ನಡುವೆ ಕನಿಷ್ಠ ಹತ್ತು ಅಡಿ ಓಣಿ, ಇಷ್ಟನ್ನು ನೆಲದ ಮೇಲೆ ಟೇಪಿನಿಂದಲೇ ಗುರುತು ಮಾಡಿ ನೋಡಬೇಕು. ತಂತ್ರಾಂಶ ಕಂಪನಿಗಳನ್ನು ಅಕ್ಷರ ಕ್ರಮದಲ್ಲಿ ಕೂರಿಸುತ್ತದೆ. ಅದರಿಂದ ಹೆಸರಾಂತ ಎರಡು ಕಂಪನಿಗಳು ಬಾಗಿಲ ಬಳಿ ಅಕ್ಕಪಕ್ಕ ಬಂದರೆ ಅವುಗಳ ಸರತಿಯೇ ದಾರಿ ಮುಚ್ಚುತ್ತದೆ, ಒಳಗಿನ ಸಣ್ಣ ಕಂಪನಿಗಳು ಜನರಿಲ್ಲದೆ ಕೂರುತ್ತವೆ. ಜನ ಮುಗಿಬೀಳುವ ಸ್ಟಾಲ್‌ಗಳನ್ನು ದೂರದ ಮೂಲೆಗಳಿಗೆ ಹಂಚಿ. ಅಲ್ಲಿಗೆ ಹೋಗುವವರು ಉಳಿದವನ್ನು ದಾಟಿಯೇ ಹೋಗಬೇಕಾಗುತ್ತದೆ.

ಹಾಜರಾತಿಗೆ ಒಬ್ಬರಿಗೆ 20 ಸೆಕೆಂಡ್ ಹಿಡಿದರೆ ಒಂದು ಕೌಂಟರ್ ಅರ್ಧ ಗಂಟೆಯಲ್ಲಿ 90 ಜನರನ್ನು ಬಿಡುತ್ತದೆ. ಮೊದಲ ಅರ್ಧ ಗಂಟೆಗೆ 400 ಜನ ಬರುವುದಾದರೆ ಐದು ಕೌಂಟರ್ ಬೇಕು, ಮೂರರಲ್ಲಿ ನಿಭಾಯಿಸುತ್ತೇವೆ ಎನ್ನಬೇಡಿ. ಅಷ್ಟು ಫೋನ್‌ಗಳು ಒಂದೆಡೆ ಸೇರಿದಾಗ ನೆಟ್‌ವರ್ಕ್ ಕುಸಿಯುವುದರಿಂದ ಸ್ಕ್ಯಾನ್ ಆ್ಯಪ್‌ನಲ್ಲಿ ಪಟ್ಟಿಯನ್ನು ಬೆಳಿಗ್ಗೆಯೇ ಇಳಿಸಿಟ್ಟುಕೊಂಡು ಆಫ್‌ಲೈನ್‌ನಲ್ಲಿ ನಡೆಸಿ. ಸ್ಟಾಲ್ ಮೇಲಿನ ಕ್ಯೂಆರ್ ಅನ್ನು ಒಂದು ಮೀಟರ್ ದೂರದಿಂದ ಓದಬೇಕಾದರೆ 10 ಸೆಂ.ಮೀ. ಅಗಲವಿರಲಿ, ಸುತ್ತ ಬಿಳಿ ಅಂಚು ಬಿಡಿ. ನಡುವೆ ಲೋಗೊ ಹಾಕುವ ಆಸೆಯಿದ್ದರೆ ದೋಷ ತಿದ್ದುವ ಮಟ್ಟವನ್ನು ಅತಿ ಹೆಚ್ಚಿನದಕ್ಕೆ ಏರಿಸಿ, ಆಗ ಸುಮಾರು 30 ಶೇಕಡಾ ಭಾಗ ಮುಚ್ಚಿದರೂ ಓದುತ್ತದೆ. ಹೊಳೆಯುವ ಲ್ಯಾಮಿನೇಷನ್ ಮಾತ್ರ ಬೇಡ, ಮೇಲಿನ ದೀಪದ ಪ್ರತಿಫಲನಕ್ಕೆ ಕ್ಯಾಮೆರಾ ಸೋಲುತ್ತದೆ.

ಎರಡೂ ಬಗೆಯ ಮೇಳವನ್ನು ಒಂದೇ ದಿನ ನಡೆಸುವ ಸೌಲಭ್ಯವೂ ಇದೆ. ಬಳಸಬೇಡಿ. ಎದುರಿಗೆ ಸರತಿ ನಿಂತಿರುವಾಗ ರಿಕ್ರೂಟರ್ ಪರದೆ ನೋಡುವುದಿಲ್ಲ. ಆನ್‌ಲೈನ್ ಮೇಳ ಒಂದೆರಡು ವಾರ ಬಿಟ್ಟು ನಡೆಯಲಿ.

ವರದಿ ನೋಡಲು ಚೆಂದ, ಹುರುಳು ಕಡಿಮೆ. ‘ಸ್ಟಾಲ್ ಭೇಟಿ’ ಎಂದು ಅದು ತೋರಿಸುವುದು ಸ್ಕ್ಯಾನ್‌ಗಳ ಲೆಕ್ಕ, ಒಬ್ಬರೇ ಎರಡು ಸಲ ಮಾಡಿದರೆ ಎರಡು. ರೆಸ್ಯೂಮೆಗಳ ಜಿಪ್ ಕಡತ ಇಳಿಸಿದರೆ ಒಳಗೆ ಬರೀ ಸಂಖ್ಯೆಗಳ ಹೆಸರು, ಎಚ್‌ಆರ್ ಯಾರನ್ನು ಹುಡುಕಬೇಕು? ಸೆಟ್ಟಿಂಗ್‌ನಲ್ಲಿ ಕಡತದ ಹೆಸರಿನ ಮಾದರಿಯನ್ನು ‘ಹೆಸರು, ಪದವಿ, ವರ್ಷ’ ಎಂದು ಬದಲಿಸಿ. ಎಷ್ಟು ಜನರನ್ನು ಮುಂದಿನ ಸುತ್ತಿಗೆ ಕರೆದರು ಎಂಬ ಬಹು ಮುಖ್ಯವಾದ ಸಂಗತಿ ವರದಿಯಲ್ಲಿಲ್ಲ. ಅದನ್ನು ಮೇಳ ಮುಗಿದು 30 ದಿನವಾದಾಗ ಒಮ್ಮೆ, 90 ದಿನವಾದಾಗ ಇನ್ನೊಮ್ಮೆ ಕಂಪನಿಗಳನ್ನು ಕೇಳಿಯೇ ತಿಳಿಯಬೇಕು. ನಾಲ್ಕು ಪ್ರಶ್ನೆಗಳ ಅಭಿಪ್ರಾಯ ಪತ್ರವನ್ನಂತೂ ರಿಕ್ರೂಟರ್ ಮೇಜು ಬಿಟ್ಟು ಏಳುವ ಮೊದಲೇ ತುಂಬಿಸಿಕೊಳ್ಳಿ.

ಗ್ರಾಹಕ ಸೇವೆ ಕೆಲಸದ ದಿನಗಳಲ್ಲಿ ಚುರುಕಾಗಿದೆ, ಆದರೆ ಮೇಳಗಳು ಹೆಚ್ಚಾಗಿ ರಜಾದಿನವೇ ಬರುತ್ತವೆ. ಆ ದಿನ ಫೋನ್ ಎತ್ತುವ ಒಬ್ಬರ ಹೆಸರು ಒಪ್ಪಂದದಲ್ಲೇ ಇರಲಿ. ಒಪ್ಪಂದ ಮುಗಿಯುವ ತಿಂಗಳು ಮುಂಚೆ ಎಲ್ಲ ದಾಖಲೆಗಳನ್ನು ಇಳಿಸಿಕೊಳ್ಳಿ. ಕಂಪನಿಗಳ ಬಗ್ಗೆ ನೀವು ಬರೆದಿಟ್ಟ ಟಿಪ್ಪಣಿಗಳು ಸಿಎಸ್‌ವಿಯಲ್ಲಿ ಬರುವುದಿಲ್ಲ, ಒಂದೊಂದಾಗಿ ನಕಲು ಮಾಡಬೇಕು. ವಿದ್ಯಾರ್ಥಿಗಳ ರೆಸ್ಯೂಮೆಗಳನ್ನು ತಂತ್ರಾಂಶದವರು ತಮ್ಮ ಸರ್ವರ್‌ನಿಂದ ಯಾವ ದಿನಾಂಕಕ್ಕೆ ಅಳಿಸುತ್ತಾರೆಂದು ಲಿಖಿತವಾಗಿ ಪಡೆಯಿರಿ.