ಸಂದರ್ಶನಕ್ಕೆಂದು ಕೊಂಡ ಧ್ವನಿ ರೆಕಾರ್ಡರ್: ಒಂದು ವರ್ಷ ಬಳಸಿದ ಮೇಲೆ

ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಕಳೆದ ವರ್ಷ ಈ ರೆಕಾರ್ಡರ್ ಕೊಂಡೆ. ಅಂಗೈಗಿಂತ ಚಿಕ್ಕದು, ಎರಡು ಸಣ್ಣ ಪೆನ್ಸಿಲ್ ಸೆಲ್ ಹಾಕಿದರೆ ಸಾಕು. ಬೆಲೆ 4,200 ರೂಪಾಯಿ. ಫೆಲೋಶಿಪ್ ಹಣ ಬಂದಿರಲಿಲ್ಲ, ಅಮ್ಮನಿಂದ ಸಾಲ ಪಡೆದೆ. ದಂಪತಿಗಳು ಕೋಪ, ಬೇಸರ, ಅಕ್ಕರೆಗಳನ್ನು ಒಬ್ಬರಿಗೊಬ್ಬರು ಹೇಗೆ ತಿಳಿಸುತ್ತಾರೆ ಎಂಬುದು ಮನಃಶಾಸ್ತ್ರದಲ್ಲಿ ನನ್ನ ಪಿಎಚ್.ಡಿ. ವಿಷಯ.

ಎಂ.ಎಸ್ಸಿ.ಯಲ್ಲಿದ್ದಾಗ ಪ್ರಶ್ನಾವಳಿ ಹಿಡಿದು ಮನೆಮನೆಗೆ ಹೋಗುತ್ತಿದ್ದೆ. ಒಬ್ಬ ಗೃಹಿಣಿ ದಾಂಪತ್ಯದ ತೃಪ್ತಿಗೆ ಐದಕ್ಕೆ ನಾಲ್ಕು ಅಂಕ ಹಾಕಿ ಕೊಟ್ಟರು. ನಾನು ಚಪ್ಪಲಿ ಮೆಟ್ಟುತ್ತಿದ್ದಾಗ, "ಒಂದು ಅಂಕ ಏಕೆ ಕಳೆದೆ ಎಂದು ನೀನು ಕೇಳಲೇ ಇಲ್ಲವಲ್ಲಮ್ಮ" ಎಂದರು. ಮತ್ತೆ ಒಳಗೆ ಹೋಗಿ ಕುಳಿತೆ. ಮುಕ್ಕಾಲು ಗಂಟೆ ಮಾತನಾಡಿದರು. ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಸ್ಮರಣಶಕ್ತಿಯ ಮೇಲೆ ಸಂಶೋಧನೆ ಮಾಡಬೇಕೆಂದಿದ್ದವಳು ಅಂದೇ ಮನಸ್ಸು ಬದಲಿಸಿದೆ.

ಮೊದಲು ಮೊಬೈಲ್‌ನಲ್ಲೇ ರೆಕಾರ್ಡ್ ಮಾಡುತ್ತಿದ್ದೆ. ಪರದೆ ಬೆಳಗಿದರೆ ಸಾಕು, ಗಂಡ ಹೆಂಡತಿ ಇಬ್ಬರ ಕಣ್ಣೂ ಅತ್ತಲೇ. ಈ ಪುಟ್ಟ ಯಂತ್ರವನ್ನು ಕಾಫಿ ಲೋಟಗಳ ಪಕ್ಕ ಇಟ್ಟರೆ ಐದು ನಿಮಿಷದಲ್ಲಿ ಮರೆತುಬಿಡುತ್ತಾರೆ. ಕುಕ್ಕರ್ ಕೂಗುವಾಗಲೂ ಮೆಲುದನಿ ಸ್ಪಷ್ಟವಾಗಿ ದಾಖಲಾಗಿದೆ. (ನಮ್ಮ ಊರಿನಲ್ಲಿ ಮನಃಶಾಸ್ತ್ರಕ್ಕೂ ಧ್ವನಿಗೂ ಹಳೆಯ ನಂಟು: 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು.)

ದೊಡ್ಡ ದೋಷ ಒಂದಿದೆ. ಮಾತಿದ್ದಾಗ ಮಾತ್ರ ದಾಖಲಿಸುವ ಸೌಲಭ್ಯ ಇದರಲ್ಲಿ ಚಾಲೂ ಆಗಿಯೇ ಬರುತ್ತದೆ. ನನಗದು ಗೊತ್ತಿರಲಿಲ್ಲ. ಒಂದು ಮನೆಯಲ್ಲಿ ಆಕೆ, "ಇವರಿಗೆ ಕೋಪ ಬಂದರೆ ಮಜ್ಜಿಗೆ ಬೇಡ ಎನ್ನುತ್ತಾರೆ, ಅಷ್ಟೇ" ಎಂದರು. ಪತಿ ಲೋಟದ ಅಂಚನ್ನು ಬೆರಳಿನಿಂದ ಸವರುತ್ತ ಬಹಳ ಹೊತ್ತು ಕುಳಿತಿದ್ದರು. ಆಮೇಲೆ, "ಅವತ್ತು ನಾನು ಊಟ ಬಿಟ್ಟು ಏಳಬಾರದಿತ್ತು" ಎಂದರು. ಹಾಸ್ಟೆಲ್‌ಗೆ ಬಂದು ಕೇಳಿದರೆ ಎರಡೂ ಮಾತು ಬೆನ್ನುಬೆನ್ನಿಗೆ! ಆತ ಥಟ್ಟನೆ ತಪ್ಪೊಪ್ಪಿಕೊಂಡಂತೆ ಕೇಳಿಸುತ್ತಿತ್ತು. ನನಗೆ ಅಳುವೇ ಬಂತು.

ಅಮೆರಿಕದ ಮನಃಶಾಸ್ತ್ರಜ್ಞರಾದ ರಾಬರ್ಟ್ ಲೆವೆನ್ಸನ್ ಮತ್ತು ಜಾನ್ ಗಾಟ್‌ಮನ್ 1980ರ ದಶಕದಲ್ಲಿ ದಂಪತಿಗಳನ್ನು ಎದುರುಬದುರು ಕೂರಿಸಿ, ಮನಸ್ತಾಪದ ವಿಷಯವೊಂದನ್ನು 15 ನಿಮಿಷ ಮಾತನಾಡಿಸಿ, ಜೊತೆಗೆ ಹೃದಯದ ಬಡಿತ, ಕೈ ಬೆವರುವಿಕೆಯನ್ನೂ ಅಳೆದರು. ಬಾಯಿ ಸುಮ್ಮನಿದ್ದರೂ ಮೈ ಸುಮ್ಮನಿರುವುದಿಲ್ಲ. ನನ್ನ ಬಳಿ ಅಂಥ ಉಪಕರಣಗಳಿಲ್ಲ. ಇರುವುದು ಧ್ವನಿ ಮತ್ತು ಅದರ ನಡುವಿನ ಬಿಡುವು ಮಾತ್ರ. ಅದನ್ನೇ ಯಂತ್ರ ಕತ್ತರಿಸಿ ಹಾಕಿತ್ತು.

ಕೊಳ್ಳುವುದಾದರೆ ಕೊಳ್ಳಿ, ಆ ಸೌಲಭ್ಯವನ್ನು ಅಂಗಡಿಯಲ್ಲೇ ಆಫ್ ಮಾಡಿಸಿಕೊಂಡು ಬನ್ನಿ. ಆಮೇಲಿನ ಹನ್ನೆರಡು ಸಂದರ್ಶನಗಳಲ್ಲಿ ಒಂದು ನಿಟ್ಟುಸಿರೂ ತಪ್ಪಿಲ್ಲ. ಆ ಮೊದಲಿನದರ ಪ್ರತಿಯಲ್ಲಿ ಮಾತ್ರ ಎರಡು ಮಾತುಗಳ ನಡುವೆ ನೆನಪಿನಿಂದ ಬರೆದಿದ್ದೇನೆ: "ದೀರ್ಘ ಮೌನ. ಅಳತೆ ಸಿಗಲಿಲ್ಲ."