ಶನಿವಾರ, ಭಾನುವಾರದ ಎಂ.ಟೆಕ್: ಕಟ್ಟಿದ ದುಡ್ಡಿಗೆ ಸಿಕ್ಕಿದ್ದೇನು?

ಕೊಪ್ಪಳದ ಹತ್ತಿರದ ಗಿಣಿಗೇರಾದ ಒಂದು ಸ್ಪಾಂಜ್ ಐರನ್ ಕಾರ್ಖಾನೆಯ ನಿರ್ವಹಣಾ ವಿಭಾಗದಲ್ಲಿ ನಾನು ಹನ್ನೊಂದು ವರ್ಷದಿಂದ ಇದ್ದೇನೆ. 2023ರ ಕೊನೆಯಲ್ಲಿ ಬಳ್ಳಾರಿಯ ಕಾಲೇಜೊಂದರಲ್ಲಿ, ಕೆಲಸದಲ್ಲಿರುವವರಿಗೆಂದೇ ನಡೆಸುವ ಎಂ.ಟೆಕ್‌ಗೆ ಸೇರಿದೆ. ನಾಲ್ಕು ಸೆಮಿಸ್ಟರ್ ಮುಗಿಸಿದ್ದೇನೆ. ಕಾಲೇಜಿನ ಹೆಸರು ಹೇಳುವುದಿಲ್ಲ. ನನ್ನ ತಮ್ಮನ ಮಗ ಈಗ ಅಲ್ಲಿಯೇ ಬಿ.ಇ. ಓದುತ್ತಿದ್ದಾನೆ, ಅವನ ಇಂಟರ್ನಲ್ ಅಂಕಗಳ ಮೇಲೆ ನನಗೆ ಕಾಳಜಿ ಇದೆ.

ಮೊದಲು ಖರ್ಚಿನ ಮಾತು. ಶುಲ್ಕ ಎರಡು ಲಕ್ಷ ಹತ್ತು ಸಾವಿರ ರೂಪಾಯಿ. ಗೇಟ್ ಪ್ರವೇಶ ಪರೀಕ್ಷೆ ಪಾಸಾಗಿ ಪೂರ್ಣಾವಧಿ ಎಂ.ಟೆಕ್ ಓದುವವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಬರುತ್ತದೆ. ನಮ್ಮಂಥ ಸಂಬಳದವರಿಗೆ ಅದು ಇಲ್ಲ. ಶನಿವಾರ ಮಧ್ಯಾಹ್ನ ರೈಲು ಹತ್ತಿ, ಮುನಿರಾಬಾದ್, ಹೊಸಪೇಟೆ, ತೋರಣಗಲ್ಲು ದಾಟಿ ಬಳ್ಳಾರಿಯಲ್ಲಿ ಇಳಿದು, ಸಂಜೆ ಎರಡು ತರಗತಿ ಕೇಳಿ, ಕೌಲ್‌ಬಜಾರಿನ ಅಕ್ಕನ ಮನೆಯಲ್ಲಿ ಮಲಗಿ, ಭಾನುವಾರ ಇಡೀ ದಿನ ಕುಳಿತು ರಾತ್ರಿ ಮನೆ ಸೇರುವುದು. ಸೋಮವಾರ ಮತ್ತೆ ಜನರಲ್ ಶಿಫ್ಟ್. ಅಕ್ಕನ ಮನೆ ಇಲ್ಲದಿದ್ದರೆ ಲಾಡ್ಜಿನ ಬಾಡಿಗೆಯೇ ಇನ್ನೊಂದು ಶುಲ್ಕವಾಗುತ್ತಿತ್ತು.

ಮಾಹಿತಿ ಪುಸ್ತಿಕೆಯಲ್ಲಿ 'ಪ್ರಾಯೋಗಿಕ' ಎಂಬ ಪದ ಒಂಬತ್ತು ಸಲ ಇದೆ, ಎಣಿಸಿದ್ದೇನೆ. ಕಂಪನ ವಿಶ್ಲೇಷಣೆಯ ಯಂತ್ರದ ಬಣ್ಣದ ಫೋಟೋ ಕೂಡ ಇದೆ. ಆ ಯಂತ್ರವನ್ನು ಎರಡು ವರ್ಷದಲ್ಲಿ ನಾನು ನೋಡಿದ್ದು ಗಾಜಿನ ಕಪಾಟಿನ ಆಚೆಯಿಂದ. ಕೀಲಿ ಲ್ಯಾಬ್ ಸಹಾಯಕರ ಹತ್ತಿರ, ಲ್ಯಾಬ್ ಸಹಾಯಕರಿಗೆ ಭಾನುವಾರ ರಜೆ, ನಮಗೆ ಇಡೀ ದಿನ ತರಗತಿ ಇರುವುದೇ ಭಾನುವಾರ. ತಪಾಸಣಾ ಸಮಿತಿ ಬಂದ ದಿನ ಮಾತ್ರ ಅದು ಮೇಜಿನ ಮೇಲೆ ಕುಳಿತಿತ್ತು, ಮದುವಣಗಿತ್ತಿಯ ಹಾಗೆ. ಕೆಲವು ವಿಷಯಗಳಲ್ಲಿ ಪಾಠ ಎಂದರೆ ಸ್ಲೈಡುಗಳನ್ನು ಗಟ್ಟಿಯಾಗಿ ಓದುವುದು. ಸಂಶೋಧನಾ ವಿಧಾನದ ಪತ್ರಿಕೆಯ ಬಗ್ಗೆ ಒಂದೇ ಮಾತು: ಹಾಜರಾತಿ ತೆಗೆದುಕೊಳ್ಳುತ್ತಿದ್ದರು.

ಇಷ್ಟೇ ಆಗಿದ್ದರೆ ಈ ವಿಮರ್ಶೆಗೆ ಎರಡು ಸಾಲು ಸಾಕಿತ್ತು. ಎರಡನೇ ಸೆಮಿಸ್ಟರಿನಲ್ಲಿ ಅತಿಥಿ ಉಪನ್ಯಾಸಕರೊಬ್ಬರು ಬಂದರು. ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ಮೂವತ್ತು ವರ್ಷ ಟರ್ಬೈನು, ಫ್ಯಾನುಗಳ ಜೊತೆ ಕಳೆದು ನಿವೃತ್ತರಾದವರು. ಸ್ಲೈಡು ಇಲ್ಲ, ಸೀಮೆಸುಣ್ಣ ಮಾತ್ರ.

2024ರ ಆಗಸ್ಟ್ 10ರ ಶನಿವಾರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಯಿತು. ಬೆಳಿಗ್ಗೆ ಅಕ್ಕನ ಮನೆಯಲ್ಲಿ ಎಲ್ಲರೂ ಮೊಬೈಲ್ ಹಿಡಿದೇ ಚಹಾ ಕುಡಿದೆವು. ಭಾವನ ಗದ್ದೆ ಸಿರುಗುಪ್ಪದ ಕಡೆ, ನಾಟಿ ಆಗಿತ್ತು, ಅವರು ಚಹಾವನ್ನೂ ಕುಡಿಯಲಿಲ್ಲ. ತರಗತಿಗೆ ಹೋದರೆ ಮೇಷ್ಟ್ರು ಪಠ್ಯಕ್ರಮ ಬದಿಗಿಟ್ಟು ಕೇಳಿದರು: "ಚೈನು ಯಾವಾಗ ತುಂಡಾಯಿತಪ್ಪಾ?"

"ನಿನ್ನೆ ರಾತ್ರಿ ಸರ್."

"ನಮಗೆ ಗೊತ್ತಾಗಿದ್ದು ನಿನ್ನೆ ರಾತ್ರಿ."

ಇಲ್ಲಿ ನಿಜವಾಗಿ ಏನಾಯಿತೆಂದು ತನಿಖೆ ಹೇಳಲಿ ಎಂದು ಮೊದಲೇ ಎಚ್ಚರಿಸಿ, ಆಮೇಲೆ ಮೂರು ಗಂಟೆ ಪಾಠ ಮಾಡಿದರು. ಕೊಂಡಿಯೊಂದರಲ್ಲಿ ಕೂದಲೆಳೆಯ ಬಿರುಕು ಹೇಗೆ ಹುಟ್ಟುತ್ತದೆ, ಬಣ್ಣದ ಅಡಿಯಲ್ಲಿ ತುಕ್ಕು ಅದಕ್ಕೆ ಹೇಗೆ ಜೊತೆಯಾಗುತ್ತದೆ, ಕಣ್ಣಿಗೆ ಕಾಣದ ಬಿರುಕನ್ನು ಕಾಂತೀಯ ಪುಡಿಯಿಂದ, ಶ್ರವಣಾತೀತ ಧ್ವನಿಯಿಂದ ಹೇಗೆ ಹುಡುಕುತ್ತಾರೆ. ಒಂದು ಗೇಟು ಹೋದರೆ ಉಳಿದ ಗೇಟುಗಳನ್ನು ಏಕೆ ಎತ್ತುತ್ತಾರೆ ಎಂಬುದನ್ನು ನಮ್ಮಿಂದಲೇ ಹೇಳಿಸಿದರು. 1953ರಲ್ಲಿ ನೀರು ನಿಂತ ಅಣೆಕಟ್ಟು, 33 ಗೇಟು. ವಾರದೊಳಗೆ ಹರಿಯುವ ನೀರಿನಲ್ಲಿಯೇ ತುಂಡು ತುಂಡಾಗಿ ತಾತ್ಕಾಲಿಕ ಗೇಟು ಇಳಿಸಿ ಮುಚ್ಚಿದಾಗ ನಮಗೆ ಪ್ರತಿ ಹೆಜ್ಜೆಯೂ ಅರ್ಥವಾಗುತ್ತಿತ್ತು. ಅದೊಂದು ಭಾನುವಾರಕ್ಕೆ ಒಂದು ಸೆಮಿಸ್ಟರಿನ ಶುಲ್ಕ ಬಿಟ್ಟುಕೊಡಲು ನಾನು ತಯಾರು.

ಕಾರ್ಖಾನೆಯಲ್ಲಿ ನನ್ನ ತಲೆನೋವು ಐ.ಡಿ. ಫ್ಯಾನ್. ಕಿಲ್ನ್‌ನ (ಅದಿರು ಕಾಯಿಸುವ ಕುಲುಮೆಯ) ಹೊಗೆಯನ್ನು ಎಳೆದು ಚಿಮಣಿಗೆ ತಳ್ಳುವ ಫ್ಯಾನದು, 250 ಕಿಲೋವ್ಯಾಟ್ ಮೋಟಾರು, ನಿಮಿಷಕ್ಕೆ 990 ಸುತ್ತು. ಅದು ನಡುಗಲು ಶುರುವಾದರೆ ಬೇರಿಂಗ್ ಬದಲಿಸುತ್ತಿದ್ದೆವು. ಮೂರು ವರ್ಷದಲ್ಲಿ ಐದು ಜೋಡಿ. ನಮ್ಮ ಹಿರಿಯ ಫಿಟ್ಟರ್ ಕಾಕಾ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿ, "ಸಾಹೇಬರೇ, ಬೇರಿಂಗ್ ಅಳುತ್ತಿಲ್ಲ" ಎಂದು ಪ್ರತಿ ಸಲವೂ ಹೇಳುತ್ತಿದ್ದರು. ನಾವು ಪ್ರತಿ ಸಲವೂ ಬದಲಿಸುತ್ತಿದ್ದೆವು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದನ್ನೇ ಹಿಡಿದೆ. ಕಾಲೇಜಿನ ಮಾರ್ಗದರ್ಶಕರು ಕಂಪ್ಯೂಟರಿನಲ್ಲಿ ಫ್ಯಾನಿನ ಮಾದರಿ ಮಾಡಿ ಸಾಕು ಎಂದರು, ಅದು ಬೇಗ ಮುಗಿಯುತ್ತದೆಯಂತೆ. ಅತಿಥಿ ಮೇಷ್ಟ್ರು ತಮ್ಮ ಹಳೆಯ ಪರಿಚಯದಿಂದ ಒಂದು ವಿಶ್ಲೇಷಕವನ್ನು ನಾಲ್ಕು ದಿನಕ್ಕೆ ಕೊಡಿಸಿದರು. ಕಂಪನ ಸೆಕೆಂಡಿಗೆ 6.8 ಮಿಲಿಮೀಟರ್ ತೋರಿಸಿತು. ಗಟ್ಟಿ ಅಡಿಪಾಯದ ಮೇಲೆ ಕುಳಿತ ಈ ಗಾತ್ರದ ಯಂತ್ರಕ್ಕೆ ಐಎಸ್‌ಒ 10816 ಎಂಬ ಅಂತರರಾಷ್ಟ್ರೀಯ ಮಾನದಂಡದ (2022ರಿಂದ ಅದು 20816) ಮೂರನೇ ಭಾಗ ಹಾಕುವ ಕೊನೆಯ ಗೆರೆ 4.5. ಹೆಚ್ಚುಕಡಿಮೆ ಇಡೀ ಕಂಪನ 16.5 ಹರ್ಟ್ಸ್‌ನಲ್ಲಿತ್ತು. 990ನ್ನು 60ರಿಂದ ಭಾಗಿಸಿದರೆ ಬರುವುದು ಅದೇ. ಅಂದರೆ ಶಾಫ್ಟ್ ಒಂದು ಸುತ್ತು ಸುತ್ತಿದಾಗ ಒಂದು ಒದೆತ. ಬೇರಿಂಗ್ ಕೆಟ್ಟಿದ್ದರೆ ಗುರುತು ಇದಕ್ಕಿಂತ ಎಷ್ಟೋ ಮೇಲಿನ ಆವರ್ತನಗಳಲ್ಲಿ ಕಾಣಬೇಕಿತ್ತು. ಕಾಕಾ ಹೇಳಿದ್ದೇ ಸರಿ. ಇಂಪೆಲ್ಲರಿನ, ಅಂದರೆ ಫ್ಯಾನಿನ ತಿರುಗುವ ಚಕ್ರದ, ರೆಕ್ಕೆಗಳಿಗೆ ಧೂಳು ಅಂಟಿ, ಕೆಲವು ಕಡೆ ಉದುರಿ, ಸಮತೋಲನ ತಪ್ಪಿತ್ತು. ಕೆರೆದು ತೆಗೆದ ಮೇಲೂ 4ರ ಮೇಲೆಯೇ ನಿಂತಿತು, ರೆಕ್ಕೆಗಳು ಸವೆದಿದ್ದವು.

ಆಗ ಉಪಯೋಗಕ್ಕೆ ಬಂದದ್ದು ಮೇಷ್ಟ್ರು ಕಪ್ಪುಹಲಗೆಯ ಮೇಲೆ ಕಲಿಸಿದ್ದ ನಾಲ್ಕು ಓಟದ ವಿಧಾನ. ದುಬಾರಿ ಉಪಕರಣ ಬೇಡ, ಕಂಪನ ಅಳೆಯುವ ಪೆನ್ನು ಸಾಕು. ಮೊದಲು ಇದ್ದ ಹಾಗೆಯೇ ಓಡಿಸಿ ಅಳೆಯಬೇಕು. ಆಮೇಲೆ ಗೊತ್ತಿರುವ ತೂಕದ ಒಂದು ತುಂಡನ್ನು ಇಂಪೆಲ್ಲರಿನ ಮೇಲೆ 120 ಡಿಗ್ರಿ ಅಂತರದ ಮೂರು ಜಾಗಗಳಲ್ಲಿ ಒಂದಾದ ಮೇಲೊಂದರಂತೆ ಕೂರಿಸಿ, ಪ್ರತಿ ಸಲ ಓಡಿಸಿ ಅಳೆಯಬೇಕು. ಮೊದಲ ಅಳತೆಯನ್ನೇ ತ್ರಿಜ್ಯವಾಗಿ ಇಟ್ಟುಕೊಂಡು ಗ್ರಾಫ್ ಹಾಳೆಯಲ್ಲಿ ಒಂದು ವೃತ್ತ, ಅದರ ಮೇಲಿನ ಮೂರು ಬಿಂದುಗಳಿಂದ ಉಳಿದ ಮೂರು ಅಳತೆಗಳ ವೃತ್ತ. ಈ ಮೂರೂ ಕೂಡುವ ಜಾಗ ತೂಕವನ್ನು ಯಾವ ದಿಕ್ಕಿನಲ್ಲಿ ಕೂರಿಸಬೇಕೆಂದು ಹೇಳುತ್ತದೆ. ನಡುವಿನಿಂದ ಆ ಜಾಗಕ್ಕಿರುವ ದೂರವನ್ನು ಮೊದಲ ಅಳತೆಗೆ ಹೋಲಿಸಿದರೆ ಎಷ್ಟು ತೂಕ ಎಂಬುದು ಸಿಗುತ್ತದೆ. ಮಗಳ ಕಂಪಾಸ್ ಪೆಟ್ಟಿಗೆಯಿಂದ ಕೈವಾರ ತಂದಿದ್ದೆ.

ಕಿಲ್ನ್ ಶಟ್‌ಡೌನ್ ಇದ್ದ ರಾತ್ರಿ ಮಾಡಿದೆವು. ಅಷ್ಟು ದೊಡ್ಡ ಮೋಟಾರನ್ನು ಮೇಲಿಂದ ಮೇಲೆ ಚಾಲೂ ಮಾಡಿದರೆ ಸುರುಳಿ ಸುಟ್ಟುಹೋಗುತ್ತದೆ, ಪ್ರತಿ ಓಟದ ನಡುವೆ ತಣಿಯಲು ಬಿಡಬೇಕು. ಹಾಗಾಗಿ ಬೆಳಗಿನ ಐದಾಯಿತು. ಮೂರು ವೃತ್ತಗಳು ಒಂದೇ ಚುಕ್ಕಿಯಲ್ಲಿ ಸೇರಲಿಲ್ಲ, ಸಣ್ಣ ತ್ರಿಕೋನ ಉಳಿಯಿತು. ಅದರ ನಡುವೆ ಗುರುತು ಹಾಕಿ ತೂಕ ಬೆಸೆದೆವು. ಕೊನೆಯ ಅಳತೆ 1.9. ಕಾಕಾ ಪೆನ್ನನ್ನು ನಂಬದೆ ಮತ್ತೆ ಸ್ಕ್ರೂಡ್ರೈವರ್ ಹಚ್ಚಿ ಕೇಳಿದರು, ಆಮೇಲೆ ಎಲ್ಲರಿಗೂ ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿದರು.

ಮೌಖಿಕ ಪರೀಕ್ಷೆಯಲ್ಲಿ ಇದರ ಬಗ್ಗೆ ಒಂದು ಪ್ರಶ್ನೆ ಬಂತು. ವರದಿಯ ಪುಟದ ಅಂಚು, ಅಕ್ಷರದ ಗಾತ್ರದ ಬಗ್ಗೆ ನಾಲ್ಕು ಬಂದವು.

ಪದವಿ ಬಂದ ಮೇಲೆ ಬಡ್ತಿ ಬಂದಿಲ್ಲ, ಸಂಬಳವೂ ಏರಿಲ್ಲ. ಅದಕ್ಕಾಗಿಯೇ ಸೇರುವವರು ಮೊದಲು ತಮ್ಮ ಎಚ್.ಆರ್. ವಿಭಾಗದಿಂದ ಕಾಗದದ ಮೇಲೆ ಬರೆಸಿಕೊಳ್ಳಿ. ಮಾನ್ಯತೆಯ ಪತ್ರವನ್ನೂ ಕಣ್ಣಾರೆ ನೋಡಿ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿಯಿಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟಿದ್ದ ಎಂಜಿನಿಯರಿಂಗ್ ಪದವಿಗಳನ್ನು 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೆಲವರದು ಅಮಾನತು, ಕೆಲವರದು ರದ್ದು ಮಾಡಿದ್ದು ನೆನಪಿರಲಿ. ಕಾಲೇಜು ಮುಗಿಸಿ ನೇರವಾಗಿ ಬರುವ ಹುಡುಗರಿಗೆ ನಾನು ಇದನ್ನು ಹೇಳುವುದಿಲ್ಲ. ಕೈಯಲ್ಲಿ ಒಂದು ಹಟಮಾರಿ ಯಂತ್ರ ಇಲ್ಲದವರಿಗೆ ಇದು ಬರೀ ರೈಲು ಪ್ರಯಾಣ.

ಐದರಲ್ಲಿ ಮೂರು ನಕ್ಷತ್ರ ಕೊಡುತ್ತೇನೆ. ಅದರಲ್ಲಿ ಎರಡು ಅತಿಥಿ ಮೇಷ್ಟ್ರಿಗೆ. ಗೌರವಧನ ತಡವಾಗುತ್ತಿದೆಯೆಂದು ಅವರು ಈ ವರ್ಷ ಬರುತ್ತಿಲ್ಲವಂತೆ. ಅರ್ಜಿ ತುಂಬುವ ಮುನ್ನ ಅದನ್ನು ವಿಚಾರಿಸಿ, ಹಾಗೆಯೇ ಕಪಾಟಿನ ಕೀಲಿ ಭಾನುವಾರ ಯಾರ ಹತ್ತಿರ ಇರುತ್ತದೆ ಎಂದೂ ಕೇಳಿ.