ಹಳೇ ಇಂಜಿನ್‌ಗೆ ಬಣ್ಣ ಹೊಡೆಯುವವರು ಸ್ವಲ್ಪ ಓದಿ

ಈ ಸಲ ಖಂಡೆ ಪೂಜೆಯ (ಆಯುಧ ಪೂಜೆಯ) ದಿನ ಕಲಬುರಗಿಯ ನಮ್ಮ ಅಂಗಳದಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ. ತಪ್ಪು ಪೂರ್ತಿ ನನ್ನದೇ. ಹಳೇ ಡೀಸೆಲ್ ಇಂಜಿನ್ ತಂದಿಟ್ಟುಕೊಂಡು ರಿಪೇರಿ ಮಾಡುವ ಹುಚ್ಚು ನಿಮಗೂ ಇದ್ದರೆ, ಮುಂದಿನ ಸಲ ಹ್ಯಾಂಡಲ್ ಹೊಡೆಯುವ ಮೊದಲು ಇದನ್ನು ಓದಿಬಿಡಿ.

ಇಂಜಿನ್ ಆಳಂದ ಕಡೆಯ ಒಂದು ಹೊಲದ್ದು. ಬಾವಿಗೆ ಕರೆಂಟ್ ಮೋಟಾರ್ ಬಂದ ಮೇಲೆ ಬೇವಿನ ಮರದ ಕೆಳಗೆ ಬಿದ್ದಿತ್ತು. ಒಂದೇ ಸಿಲಿಂಡರ್, 6 ಎಚ್‌ಪಿ, ಎರಡು ಬದಿಗೆ ಎರಡು ದೊಡ್ಡ ಚಕ್ರ (ಇಂಜಿನ್ ಜೊತೆ ತಿರುಗುವ ಫ್ಲೈವೀಲ್). ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನ ಲಿಸ್ಟರ್ ಕಂಪನಿ 1930ರ ಸುಮಾರಿಗೆ ತಂದ ಸಿಎಸ್ ಇಂಜಿನ್ ಇದೆಯಲ್ಲ, ಅದರ ರಾಜಕೋಟ್ ನಕಲು. ಹಿಟ್ಟಿನ ಗಿರಣಿಯಲ್ಲಿ ಡುಗ್ ಡುಗ್ ಅನ್ನುತ್ತಿದ್ದದ್ದು ಇದೇ ಜಾತಿ. ನಿಮಿಷಕ್ಕೆ 650 ಸುತ್ತು ಅಷ್ಟೇ. ಎಮ್ಮೆಯ ಹಾಗೆ ಸಾಧು ಅಂದುಕೊಂಡು ಸಲಿಗೆ ಜಾಸ್ತಿ ಮಾಡಿದ್ದೆ.

ಎಂಟು ತಿಂಗಳ ಕೆಲಸದ ಕಥೆ ಬೇಡ. ರಿಂಗ್ ಬದಲಾಯಿತು, ಬ್ಲಾಕ್‌ನ ಒಳಗೆ ಕಟ್ಟಿದ್ದ ಬಿಳಿ ಸುಣ್ಣ ಕೆರೆದದ್ದಾಯಿತು, ಡೀಸೆಲ್ ಸಿಂಪಡಿಸುವ ನಾಜಲ್ ಹೊಸದು ಬಂತು. ಆಗಸ್ಟ್‌ನಲ್ಲಿ ಮೊದಲ ಸಲ ಚಾಲೂ ಆಯಿತು. ವೇಗವನ್ನು ಹತೋಟಿಯಲ್ಲಿಡುವ ಗವರ್ನರ್ ಸರಿಯಾಗಿ ಹಿಡಿಯುತ್ತಿತ್ತು. ನನಗೆ ಸ್ವರ್ಗ ಮೂರೇ ಗೇಣು.

ನಮ್ಮ ಓಣಿಯಲ್ಲಿ ಒಬ್ಬರು ವಯಸ್ಸಾದ ಮಿಸ್ತ್ರಿ ಕಾಕಾ ಇದ್ದಾರೆ. ಬೇಳೆ ಮಿಲ್ಲುಗಳಲ್ಲಿ ಇಂಜಿನ್ ನೋಡಿಕೊಂಡವರು. ಅವತ್ತು ಬಂದು ನೋಡಿ, "ಚಾಲೂ ಅಂತೂ ಆಯ್ತು. ಬಂದ್ ಹ್ಯಾಂಗ ಮಾಡ್ತಿ?" ಅಂದರು. "ಡೀಸೆಲ್ ರ‍್ಯಾಕ್ ಒತ್ತಿದರ ಆಯ್ತಲ್ಲ ಕಾಕಾ" ಅಂದೆ. ಇಂಜಿನ್‌ಗೆ ಎಷ್ಟು ಡೀಸೆಲ್ ಹೋಗಬೇಕು ಅಂತ ನಿಯಂತ್ರಿಸುವ ಸಣ್ಣ ಸರಳು ಅದು, ಒತ್ತಿದರೆ ಡೀಸೆಲ್ ನಿಲ್ಲುತ್ತದೆ. "ಅದು ಕೈ ಕೊಟ್ಟರ?" ಅಂದರು. ನಾನು ನಕ್ಕು ಚಹಾ ತರಿಸಿದೆ.

ಪೂಜೆಗೆ ನಾಲ್ಕು ದಿನ ಇತ್ತು. ಇಂಜಿನ್ ಚೆಂದ ಕಾಣಲಿ ಅಂತ ಹಸಿರು ಎನಾಮಲ್ ತಂದು ಸ್ಪ್ರೇ ಮಾಡಿದೆ. ಎರಡು ಕೋಟ್. ಡೀಸೆಲ್ ಪಂಪ್‌ಗೂ ಬಿಡಲಿಲ್ಲ. ಟೇಪು ಸುತ್ತಿ ಮುಚ್ಚಬೇಕಿತ್ತು, ಸುತ್ತಲಿಲ್ಲ. ಪಂಪ್‌ನಿಂದ ಹೊರಗೆ ಚಾಚಿರುವ ರ‍್ಯಾಕ್‌ನ ತುದಿಯೂ ಹಸಿರಾಯಿತು. ಬಣ್ಣ ರ‍್ಯಾಕಿನ ಸಂದಿಗೆ ಇಳಿದು ನಾಲ್ಕು ದಿನದಲ್ಲಿ ಕಲ್ಲಾಯಿತು.

ಗೊತ್ತಿಲ್ಲದವರಿಗೆ ಒಂದು ಮಾತು. ಇಂಜಿನ್ ನಿಂತಿರುವಾಗ ಗವರ್ನರ್ ಸ್ಪ್ರಿಂಗ್ ರ‍್ಯಾಕನ್ನು ಪೂರ್ತಿ ಡೀಸೆಲ್ ಕಡೆಗೆ ಎಳೆದಿಟ್ಟಿರುತ್ತದೆ. ವೇಗ ಏರಿದ ಹಾಗೆ ಗವರ್ನರ್‌ನ ತೂಕಗಳು ಹೊರಗೆ ಹರಡಿ ಅದನ್ನು ಹಿಂದಕ್ಕೆ ತರಬೇಕು. ನನ್ನ ರ‍್ಯಾಕ್ ಪೂರ್ತಿ ಡೀಸೆಲ್ ಕಡೆಗೇ ಅಂಟಿ ಕೂತಿತ್ತು.

ಪೂಜೆ ಮುಗಿಯಿತು. ಚಕ್ರಕ್ಕೆ ಚೆಂಡು ಹೂವಿನ ಹಾರ, ಕುಂಕುಮ, ನಿಂಬೆಹಣ್ಣು. ಓಣಿಯ ಮಕ್ಕಳೆಲ್ಲ ಎದುರಿಗೆ, ಅಂದರೆ ಸರಿಯಾಗಿ ಚಕ್ರದ ನೇರಕ್ಕೆ. ಹಾರ ತೆಗೆಯುವಷ್ಟು ಬುದ್ಧಿಯೂ ನನಗೆ ಇರಲಿಲ್ಲ. ಹ್ಯಾಂಡಲ್ ಹೊಡೆದೆ, ಹತ್ತಿತು. ಡುಗ್ ಡುಗ್ ಅಂದದ್ದು ಡುಗುಡುಗು ಆಯಿತು, ಆಮೇಲೆ ಒಂದೇ ಸಮನೆ ಗುಂಯ್ ಅನ್ನತೊಡಗಿತು. ಹಾರ ಹರಿದು ಹೂವೆಲ್ಲ ಗೋಡೆಗೆ ಬಡಿಯಿತು. ಮಕ್ಕಳು ಚಪ್ಪಾಳೆ ತಟ್ಟಿದರು! ರ‍್ಯಾಕ್ ಒತ್ತಿದೆ, ಅಲುಗಲಿಲ್ಲ. ಟ್ಯಾಂಕಿನ ನಲ್ಲಿ ಬಂದ್ ಮಾಡಿದೆ. ಆದರೆ ಫಿಲ್ಟರ್ ಮತ್ತು ಪೈಪಿನಲ್ಲಿ ಉಳಿದ ಡೀಸೆಲ್ ಅದಕ್ಕೆ ಸಾಕಾಗಿತ್ತು. ಇಂಜಿನ್ ಬೋಲ್ಟ್ ಹಾಕಿದ ಪಾಯದ ಮೇಲೆ ಇರಲಿಲ್ಲ, ಮರದ ದಿಮ್ಮಿಗಳ ಮೇಲಿತ್ತು. ಶಹಾಬಾದಿ ಕಲ್ಲಿನ ಮೇಲೆ ಕುಣಿಯುತ್ತಾ ಮಕ್ಕಳ ಕಡೆಗೇ ಸರಿಯತೊಡಗಿತು. ವಾಲ್ವ್ ಎತ್ತಿ, ಒತ್ತಡ ಬಿಡಿಸಿ ಇಂಜಿನ್ ನಿಲ್ಲಿಸುವ ಹಿಡಿಕೆ ಹೆಡ್ ಹತ್ತಿರವೇ ಇತ್ತು. ಕೈ ಚಾಚುವ ಧೈರ್ಯ ನನಗೆ ಬರಲಿಲ್ಲ.

ಕಾಕಾ ಪ್ರಸಾದಕ್ಕೆ ಬಂದಿದ್ದರು. ದೇವರ ಮುಂದಿನ ಮಣೆ ಎತ್ತಿಕೊಂಡು, ಚಕ್ರದ ನೇರ ತಪ್ಪಿಸಿ ಪಕ್ಕದಿಂದ ಬಂದು, ಗಾಳಿ ಎಳೆಯುವ ಬಾಯಿಗೆ ಒತ್ತಿ ಹಿಡಿದರು. ಏರ್ ಫಿಲ್ಟರ್ ಇನ್ನೂ ಸಿಕ್ಕಿರಲಿಲ್ಲ, ಬಾಯಿ ಬೋಳಾಗಿತ್ತು. ಆ ಕೊರತೆಯೇ ನಮ್ಮನ್ನು ಉಳಿಸಿತು. ಉಸಿರು ಕಟ್ಟಿ ಎರಡು ಸಲ ಕೆಮ್ಮಿ ನಿಂತಿತು. ಬಟ್ಟೆ ತುರುಕಲು ಹೋಗಬೇಡಿ, ಒಳಗೆ ಎಳೆದುಕೊಳ್ಳುತ್ತದೆ. ಅಂಗೈ ಅಂತೂ ಬೇಡವೇ ಬೇಡ.

ಎಲ್ಲ ಸೇರಿ ಅರ್ಧ ನಿಮಿಷ ಇರಬಹುದು. ಯಾರಿಗೂ ಏಟಾಗಲಿಲ್ಲ. ಕಾಕಾ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಅವರೇ ಬಂದು ಚಕ್ರದ ನಡುವಿನ ಬಣ್ಣ ಕೆರೆಸಿದರು. ಅಲ್ಲಿ ಚಿಮಣಿ ಎಣ್ಣೆ (ಸೀಮೆಎಣ್ಣೆ) ಸವರಿ, ಸ್ವಲ್ಪ ಹೊತ್ತು ಬಿಟ್ಟು ಒಣಗುವಂತೆ ಒರೆಸಿ, ಮೇಲೆ ಸೀಮೆಸುಣ್ಣ ತಿಕ್ಕಿದರು. ಬಿರುಕು ಇದ್ದರೆ ಒಳಗೆ ಹೋದ ಎಣ್ಣೆ ಹೊರಬಂದು ಸುಣ್ಣದ ಮೇಲೆ ಗೆರೆ ಮೂಡುತ್ತದೆ. ಮೂಡಿತು. ಚಕ್ರವನ್ನು ಶಾಫ್ಟ್‌ಗೆ ಬಿಗಿಯುವ ಕೀ ಕೂರುವ ತೋಡಿನ ಮೂಲೆಯಿಂದ ಒಂದು ಬೆರಳು ಉದ್ದ. ಹೊಸದೋ, ಹೊಲದಲ್ಲೇ ಇದ್ದದ್ದೋ ಹೇಳಲು ಬರುವುದಿಲ್ಲ, ಬಣ್ಣ ಹೊಡೆಯುವ ಮೊದಲು ನಾನು ನೋಡಿಯೇ ಇರಲಿಲ್ಲ. ಚಕ್ರ ಬೀಡಿನದು, ಅಂದರೆ ಎರಕದ ಕಬ್ಬಿಣದ್ದು. ಬೀಡು ಬಾಗಿ ಸೂಚನೆ ಕೊಡುವುದಿಲ್ಲ, ಒಮ್ಮೆಗೇ ಸಿಡಿಯುತ್ತದೆ. ವೇಗ ಎರಡರಷ್ಟಾದರೆ ಚಕ್ರವನ್ನು ಹರಿಯುವ ಬಲ ನಾಲ್ಕರಷ್ಟಾಗುತ್ತದೆ. ಮಕ್ಕಳು ಎಲ್ಲಿ ನಿಂತಿದ್ದರು ಅಂತ ಮೇಲೆ ಬರೆದಿದ್ದೇನೆ.

ಈಗ ಏನು ಮಾಡುತ್ತೇನೆ ಅಂದರೆ, ಪ್ರತಿ ಸಲ ಹ್ಯಾಂಡಲ್ ಮುಟ್ಟುವ ಮೊದಲು ರ‍್ಯಾಕನ್ನು ಬೆರಳಿನಿಂದ ಒತ್ತಿ ನೋಡುತ್ತೇನೆ. ಸರಾಗವಾಗಿ ಹೋಗಿ, ಬಿಟ್ಟ ಕೂಡಲೇ ತಾನೇ ವಾಪಸ್ ಬರಬೇಕು. ಬಣ್ಣ ಹೊಡೆದ ಮೇಲೆ, ಮಳೆಗಾಲ ಕಳೆದ ಮೇಲೆ, ತಿಂಗಳುಗಟ್ಟಲೆ ನಿಂತ ಮೇಲೆ ತಪ್ಪದೇ ನೋಡಿ. ಹಳೇ ಡೀಸೆಲ್ ಕೂಡ ಅಂಟಾಗಿ ಇದೇ ಕೆಲಸ ಮಾಡುತ್ತದೆ. ಗಾಳಿಯ ಬಾಯಿ ಪೂರ್ತಿ ಮುಚ್ಚುವಂಥ ಹಲಗೆ ಒಂದು ಕೈಗೆ ಸಿಗುವಲ್ಲಿ ಇರಲಿ. ಫಿಲ್ಟರ್ ಕೂರಿಸಿದ್ದರೆ ಅದರ ಮೂಲಕ ಗಾಳಿ ಹೇಗೆ ತಡೆಯುತ್ತೀರಿ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಇಂಜಿನ್ ಈಗ ಒಂದೇ ಚಕ್ರದಲ್ಲಿ ನಿಂತಿದೆ. ಬಿರುಕು ಬಿಟ್ಟದ್ದು ಗೋಡೆಗೆ ಒರಗಿದೆ. ಬೀದರ್, ಯಾದಗಿರಿ ಕಡೆ ಯಾರ ಹತ್ತಿರವಾದರೂ ಈ 6 ಎಚ್‌ಪಿಯ ಚಕ್ರ ಇದ್ದರೆ ತಿಳಿಸಿ. ಬಣ್ಣ ಹೊಡೆಯದೇ ಇರುವುದಾದರೆ ಒಳ್ಳೆಯದು. ಚಿಮಣಿ ಎಣ್ಣೆ, ಸೀಮೆಸುಣ್ಣ ತಗೊಂಡು ನಾನೇ ಬರುತ್ತೇನೆ.